ನಲವತ್ತೊಂದನೇ ನಂಬರಿನ ಚೀಟಿ

ಜೆನೊವೇವಾಗೆ ಎಪ್ಪತ್ತೆರಡು ತುಂಬಿದ್ದರೂ ಒಂದು ಚಟ ಮಾತ್ರ ಬಿಟ್ಟಿರಲಿಲ್ಲ. ಹೊಲಿಗೆಗೆ ಬಂದ ಬಟ್ಟೆಯ ಕಟ್ಟನ್ನು ಬಿಚ್ಚಿದ ಕೂಡಲೇ ಅದಕ್ಕೆ ಕಟ್ಟಿದ ಚೀಟಿಯ ಕೆಳತುದಿಯನ್ನು ಕಚಕ್ಕನೆ ಕತ್ತರಿಸಿ, ಮಿಷನ್ನಿನ ಪಕ್ಕದ ನೀಲಿ ಬಿಸ್ಕತ್ ಡಬ್ಬಕ್ಕೆ ಹಾಕುತ್ತಿದ್ದಳು; ಅದು ತುಂಬಿದರೆ ಮನೆಯಲ್ಲಿ ಸುರಿದು ಬರುತ್ತಿದ್ದಳು. ಉಳಿದ ಐವರು ಹೆಂಗಸರು ಚೀಟಿಯಲ್ಲಿ ತಮ್ಮ ಪಾಲಿನ ಚೂರನ್ನು ಮುದುರಿ ಕಸಕ್ಕೆ ಎಸೆಯುತ್ತಿದ್ದರು. ಎಸೆಯಬೇಕಾದದ್ದೇ. ಅಮೆರಿಕದ ಈ ಫಾಲ್ ರಿವರ್ ಊರಿನ ಗಿರಣಿಗಳಲ್ಲಿ ಹೊಲಿದಷ್ಟಕ್ಕೇ ಕೂಲಿ ಎನ್ನುವ ಕಾಲವೊಂದಿತ್ತು. ಆಗ ಆ ಚೂರು ಕಾಗದ ಕಳೆದರೆ ಆ ಹೊತ್ತಿನ ಬೆವರೂ ಕಳೆದಂತೆ. ವಾರವಿಡೀ ಕೂಡಿಟ್ಟು, ಹಾಳೆಗೆ ಅಂಟಿಸಿ ಒಪ್ಪಿಸಿದರೆ ಮಾತ್ರ ಸಂಬಳ. ಈಗ ಅವಳು ಹೊಲಿಯುವ ಲಿಡಿಯ ಕಾರ್ಖಾನೆಯಲ್ಲಿ ಮೊದಲ ದಿನದಿಂದಲೂ ಗಂಟೆಯ ಲೆಕ್ಕ. ಅಂಟಿಸುವ ಹಾಳೆಯೂ ಇಲ್ಲ, ಕೇಳುವವರೂ ಇಲ್ಲ.

"ತೀಯಾ, ಆ ಚೀಟಿಗಳನ್ನ ಸ್ವರ್ಗದ ಬಾಗಿಲಲ್ಲಿ ಸಂತ ಪೇದ್ರುಗೆ ತೋರಿಸ್ತೀರೇನು?" ಎಂದು ಜುಲ್ಮೀರಾ ಕೆಣಕುತ್ತಿದ್ದಳು. ಹೊಲಿದು ಮುಗಿದ ಕೋಟನ್ನು ತಿರುಗಿಸಿ ನೋಡಿ ಪೆಟ್ಟಿಗೆಗೆ ತುಂಬುವುದು ಜುಲ್ಮೀರಾಳ ಕೆಲಸ. ಹಿರಿಯಳು ಅತ್ತೆಯಾಗಲಿ ಚಿಕ್ಕಮ್ಮನಾಗಲಿ ಬರೀ ಪಕ್ಕದ ಮನೆಯವಳಾಗಲಿ, ಆ ಊರಿನ ಪೋರ್ಚುಗೀಸರಿಗೆ ಅವಳು ತೀಯಾ.

"ತೋರಿಸ್ತೀನಿ ಮತ್ತೆ. ಅವನೂ ಕೆಲಸ ಮಾಡಿಸ್ಕೊಂಡು ಆಮೇಲೆ ಇಲ್ಲ ಅಂದುಬಿಟ್ರೆ?" ಎನ್ನುತ್ತಿದ್ದಳು ಜೆನೊವೇವಾ, ಕಣ್ಣು ಸೂಜಿಯಿಂದ ಎತ್ತದೆ.

ಲಿಡಿಯೂ ನಗುತ್ತಿದ್ದಳು. ಲಿಡೂಯಿನಾ ಫುರ್ತಾದೊ ಎನ್ನುವ ಪೂರ್ತಿ ಹೆಸರು ಬಾಡಿಗೆ ಕರಾರಿನಲ್ಲಿ ಮಾತ್ರ ಉಳಿದಿತ್ತು. ಹಳೆಯ ಕಲ್ಲುಗಿರಣಿಯ ಮೂರನೇ ಮಹಡಿಯ ಒಂದು ಮೂಲೆ, ಆರು ಹೊಲಿಗೆ ಮಿಷನ್ನು, ಒಂದು ಉದ್ದನೆಯ ಕತ್ತರಿಸುವ ಮೇಜು, ಇಷ್ಟೇ ಅವಳ ಸಾಮ್ರಾಜ್ಯ. ದಪ್ಪ ಹತ್ತಿ ಬಟ್ಟೆಯ ಕೋಟುಗಳನ್ನು ಹೊಲಿಸಿ ಮಾರುತ್ತಿದ್ದಳು. ತೋಟದವರು, ಬಡಗಿಗಳು, ನಾಯಿ ತಿರುಗಿಸುವ ಸಿರಿವಂತರು, ಎಲ್ಲರೂ ತೊಡುವಂಥವು. ಕೊರಳಪಟ್ಟಿಯ ಒಳಗೆ ಒಂದು ಲೇಬಲ್ಲು: "ಹತ್ತಿ ಅಮೆರಿಕದ್ದು, ನೇಯ್ಗೆ ಅಮೆರಿಕದ್ದು, ಹೊಲಿಗೆ ಫಾಲ್ ರಿವರ್‌ನದು." ಆ ಮೂರು ತುಂಡು ಮಾತನ್ನು ಲಿಡಿಯೇ ಬರೆದದ್ದು. ಬರೆದ ದಿನ ಅಮ್ಮನ ಗೋರಿಗೆ ಹೋಗಿ ಓದಿ ಹೇಳಿ ಬಂದಿದ್ದಳು.

ಅಮ್ಮ ಎಮೀಲಿಯಾ ಇದೇ ಊರಿನ ಇನ್ನೊಂದು ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಕೊರಳಪಟ್ಟಿ ಹೊಲಿದವಳು. ಅಲ್ಲಿ ಅವಳ ಕೆಲಸದ ನಂಬರು ನಲವತ್ತೊಂದು. ಅಲ್ಲಿ ಚೀಟಿ ಕದಿಯುವವರೂ ಇದ್ದರೆಂದು ಪ್ರತಿ ಚೂರಿನ ಹಿಂದೆ ತನ್ನ ನಂಬರನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಗುರುವಾರ ಸಂಜೆ ಕೇಲ್ ಸೊಪ್ಪಿನ ಸಾರು ಕುದಿಯುತ್ತಿರುವಾಗ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ, ಏಳು ವರ್ಷದ ಲಿಡಿ ಒಂದೊಂದೇ ಚೂರನ್ನು ನಾಲಿಗೆಗೆ ಒತ್ತಿ ಅಂಟಿಸುವಳು. ಗೋಂದಿನ ಸಿಹಿಕಹಿ ರುಚಿ ಊಟದ ತನಕ ಬಾಯಲ್ಲಿರುತ್ತಿತ್ತು. ಹಾಳೆಯ ಕೊನೆಯ ಸಾಲುಗಳು ಯಾವಾಗಲೂ ಖಾಲಿ. ಪಕ್ಕದ ಮನೆಯ ಹುಡುಗಿಯ ಅಮ್ಮನದು ತುಂಬಿ ಎರಡನೇ ಹಾಳೆಗೆ ಹೋಗುತ್ತಿತ್ತು. "ನಿಮ್ಮಮ್ಮಂದು ಆಮೆ ಕೈ" ಎಂದು ಅಪ್ಪ ನಗೆಯಾಡಿದರೆ ಅಮ್ಮ ಸಾರು ತಿರುವುತ್ತ, "ಹೂಂ, ನಿಧಾನ ಆಗುತ್ತೆ" ಎನ್ನುವಳು. ಆ ಆಮೆ ಕೈಯ ನೆನಪಿಗೇ ಲಿಡಿ ತನ್ನ ಕಾರ್ಖಾನೆಯಲ್ಲಿ ಗಂಟೆಯ ಸಂಬಳ ಇಟ್ಟದ್ದು. ನಿಧಾನದವರೂ ಉಣ್ಣಬೇಕಲ್ಲ.

ಆ ವರ್ಷ ದೊಡ್ಡ ಕೆಲಸವೊಂದು ಕೂಡಿ ಬಂದಿತ್ತು. ವರ್ಮಾಂಟಿನಲ್ಲಿ ಏಳು ಅಂಗಡಿ ಇಟ್ಟಿದ್ದ ಪ್ರಿಸಿಲ್ಲಾ ಥೇಯರ್ ಎಂಬಾಕೆ ಮುನ್ನೂರಿಪ್ಪತ್ತು ಕೋಟು ಹೇಳಿದ್ದಳು. ಆ ಕೋಟುಗಳು ಹೋದರೆ ಚಳಿಗಾಲ ಪೂರ್ತಿ ಆರು ಮಿಷನ್ನೂ ಓಡುತ್ತವೆ. ಹೋಗದಿದ್ದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರದಿಂದಲೇ ಅರ್ಧ ಜನ ಮನೆಯಲ್ಲಿ ಕೂರಬೇಕು. ಇದು ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಕೆರೊಲಿನಾದಲ್ಲಿ ಲಿಡಿಗೆ ಹತ್ತು ವರ್ಷದಿಂದ ಬಟ್ಟೆ ಕೊಡುತ್ತಿದ್ದ ಗಿರಣಿ ಬಾಗಿಲು ಹಾಕಿತು. ಕೊಳವೆಗೆ ಸುತ್ತಿದ ಬಟ್ಟೆಯ ಥಾನು ಹತ್ತೊಂಬತ್ತು ಬಂದಿತ್ತು, ಇನ್ನೂ ಎಂಟು ಬೇಕಿತ್ತು. ಕರ್ಟಿಸ್ ಎಂಬ ದಲ್ಲಾಳಿ ಫೋನು ಮಾಡಿ, "ಅದೇ ಗಿರಣಿಯ ಉಳಿಕೆ ಮಾಲು ನನ್ನ ಹತ್ರ ಇದೆ" ಎಂದ. ಲಿಡಿ ಕಾಗದ ಪತ್ರ ಕೇಳಲಿಲ್ಲ. ನಂಬಬೇಕೆಂದು ಹೊರಟವಳಿಗೆ ಪುರಾವೆ ಎಲ್ಲಿ ನೆನಪಾಗುತ್ತದೆ! ಬಂದ ಬಟ್ಟೆ ಬಣ್ಣದಲ್ಲಿ, ತೂಕದಲ್ಲಿ, ಕೈಗೆ ಹತ್ತುವ ಒರಟಿನಲ್ಲಿ ಹಳೆಯದರಂತೆಯೇ ಇತ್ತು. ಕಟಿಂಗ್ ಮಾಸ್ಟರ್ ಬೆಂಟೊ ಹಳೆಯದು ಹೊಸದು ಎಂದು ನೋಡದೆ ಕೈಗೆ ಸಿಕ್ಕ ಥಾನನ್ನು ಹರವಿ ಕತ್ತರಿಸಿದ. ಹೊಲಿದಾದ ಮೇಲೆ ಮೆತ್ತಗಾಗಲೆಂದು ಎಲ್ಲ ಕೋಟನ್ನೂ ಒಮ್ಮೆ ಒಗೆಸಿಯೂ ಆಯಿತು.

ಶುಕ್ರವಾರ ವರ್ಮಾಂಟಿನ ಲಾರಿ ಬರಬೇಕು. ಮಂಗಳವಾರ ಬೆಳಿಗ್ಗೆ ಜೆನೊವೇವಾ ಲಿಡಿಯ ಮೇಜಿನ ಮುಂದೆ ಬಂದು ನಿಂತಳು. ಕೈಯಲ್ಲಿ ಥಾನಿನ ಒಳಗಿರುವ ರಟ್ಟಿನ ಕೊಳವೆ. ಖಾಲಿ ಕೊಳವೆಗಳನ್ನು ಅವಳು ಮನೆಗೆ ಒಯ್ಯುತ್ತಿದ್ದಳು. ಪವಿತ್ರಾತ್ಮನ ಹಬ್ಬಕ್ಕೆ ಹಾಸುವ ಕಸೂತಿ ಮೇಜುವಸ್ತ್ರಗಳನ್ನು ಮಡಿಕೆ ಬೀಳದಂತೆ ಅದಕ್ಕೆ ಸುತ್ತಿಡುವುದು ಆ ಓಣಿಯ ಹೆಂಗಸರ ಪದ್ಧತಿ.

"ಮಗಳೇ, ಇದನ್ನ ಒರೆಸೋಕೆ ಅಂತ ಒಳಗೆ ಕೈ ಹಾಕಿದೆ. ಕಾಗದ ಕೈಗೆ ಬಂತು. ನನಗೆ ಓದೋಕೆ ಬರಲ್ಲ, ಆದ್ರೆ ಇದು ಇಂಗ್ಲಿಷ್ ಅಲ್ಲ, ನಮ್ಮ ಪೋರ್ಚುಗೀಸೂ ಅಲ್ಲ."

ಕೊಳವೆಯ ಒಳಗೋಡೆಗೆ ಅಂಟಿಸಿದ್ದ ಹರಿದ ಚೀಟಿ. ಸಮುದ್ರದಾಚೆಯ ಯಾವುದೋ ಗಿರಣಿಯ ಗುರುತು, ಮುಕ್ಕಾಲು ಉಜ್ಜಿ ತೆಗೆದದ್ದು. ಹೊರಗೆ ಮಾತ್ರ ಕರ್ಟಿಸ್‌ನ ಹೊಚ್ಚಹೊಸ ಲೇಬಲ್ಲು. ಲಿಡಿ ಕೂಡಲೇ ಅವನಿಗೆ ಫೋನು ಮಾಡಿದಳು.

ಫೋನಿನಲ್ಲಿ ಕರ್ಟಿಸ್ ನಾಚಲೂ ಇಲ್ಲ. "ನೋಡಿ ಮೇಡಂ, ಗೋದಾಮಿಂದ ಗೋದಾಮಿಗೆ ಬಂದ ಮಾಲು. ಯಾರು ನೇಯ್ದ್ರು ಅಂತ ನಾನೆಲ್ಲಿ ಹುಡುಕ್ಲಿ? ನಿಮಗೆ ಯಾವ ಕಾಗದ ಬೇಕು ಹೇಳಿ, ಹತ್ತು ನಿಮಿಷದಲ್ಲಿ ಬರೆದು ಕಳಿಸ್ತೀನಿ."

"ಬರೆದು ಕಳಿಸ್ತೀರಾ? ಇರೋದನ್ನ ಕಳಿಸಿ ಅಂದ್ರೆ?"

"ಎರಡೂ ಒಂದೇ ಅಲ್ವಾ?"

ಅವಳು ಬೇಕು ಎನ್ನಲಿಲ್ಲ. ಆದರೂ ಹತ್ತು ನಿಮಿಷಕ್ಕೆ ಕಾಗದ ಬಂದೇ ಬಿಟ್ಟಿತು. ಮೊಹರು, ಸಹಿ, ಕೆರೊಲಿನಾದ ವಿಳಾಸ, ಯಾವುದಕ್ಕೂ ಕೊರತೆಯಿಲ್ಲ. ನಿಜವಾದ ಕಾಗದಗಳು ಇಷ್ಟು ಅಚ್ಚುಕಟ್ಟಾಗಿ ಎಂದೂ ಬಂದಿರಲಿಲ್ಲ.

ಲಿಡಿ ಮಿಷನ್ನುಗಳನ್ನು ನಿಲ್ಲಿಸಿ ಎಲ್ಲರಿಗೂ ಹೇಳಿದಳು. ಇಷ್ಟು ಚಿಕ್ಕ ಕಾರ್ಖಾನೆಯಲ್ಲಿ ಗುಟ್ಟು ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ, ಅದಕ್ಕಿಂತ ತಾನೇ ಹೇಳುವುದು ಮೇಲು.

ಬೆಂಟೊ ಕತ್ತರಿ ಕೆಳಗಿಟ್ಟ. "ಕಾಗದ ಬಂದಿದೆಯಲ್ಲ, ಇನ್ನೇನು? ಕೋಟು ಹಾಕ್ಕೊಂಡವನಿಗೆ ಬೆಚ್ಚಗಾದ್ರೆ ಮುಗೀತು. ಹತ್ತಿ ಯಾವೂರಿಂದು ಅಂತ ಅವನ ಬೆನ್ನಿಗೇನು ಗೊತ್ತಾಗುತ್ತೆ?"

"ನಿನ್ನ ಬೆನ್ನಿಗೆ ಯಾವುದೂ ಗೊತ್ತಾಗಲ್ಲ ಬಿಡು" ಎಂದಳು ಜುಲ್ಮೀರಾ. ಆದರೆ ಅವಳ ದನಿಯಲ್ಲಿ ಎಂದಿನ ಖಾರವಿರಲಿಲ್ಲ. "ಲಿಡಿ, ಸಿಟ್ಟಾಗ್ಬೇಡ. ನೀನು ಸತ್ಯವಂತೆ ಅಂತ ಊರೆಲ್ಲ ಹೊಗಳುತ್ತೆ. ಕೆಲಸ ಇಲ್ದೆ ಮನೇಲಿ ಕೂರೋದು ನಾವು."

ಜುಲ್ಮೀರಾ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಆ ಬಟ್ಟೆಯನ್ನು ಯಾರೋ ಎಲ್ಲೋ ನೇಯ್ದಿದ್ದರು. ಅವರಿಗೆ ಕೂಲಿ ಕೊಟ್ಟರೋ ಇಲ್ಲವೋ, ಹೊಡೆದು ನೇಯಿಸಿದರೋ, ಅವರ ಮನೆಯಲ್ಲೂ ಒಂದು ಮಗು ಗೋಂದು ನೆಕ್ಕುತ್ತ ಕೂತಿತ್ತೋ, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಕೊರಳಪಟ್ಟಿಗೆ ಹೊಲಿದುಕೊಡುವುದೆಂದರೆ ಆ ನೇಯ್ದವರನ್ನೂ ಅಳಿಸಿಹಾಕಿದಂತೆ ಎಂದು ಲಿಡಿಗೆ ಅನ್ನಿಸಿತು.

ಜೆನೊವೇವಾ ಕೊಳವೆ ಹಿಡಿದುಕೊಂಡೇ ನಿಂತಿದ್ದಳು. "ತಪ್ಪು ನಂದೇ. ಬಾಯಿ ಮುಚ್ಕೊಂಡು ಮನೆಗೆ ತಗೊಂಡು ಹೋಗಿ ಮೇಜುವಸ್ತ್ರ ಸುತ್ತಿದ್ರೆ ಆಗಿತ್ತು."

"ಹಾಗನ್ಬೇಡಿ ತೀಯಾ" ಎಂದಳು ಲಿಡಿ. "ಸುತ್ತಿದ್ರೆ ನೀವು ಹಬ್ಬದಲ್ಲಿ ಆ ಬಟ್ಟೆ ಬಿಚ್ಚುವಾಗೆಲ್ಲ ನನ್ನ ಮುಖ ನೋಡೋಕಾಗ್ತಿರಲಿಲ್ಲ." ಹಾಗೆಂದವಳೇ, ಧೈರ್ಯ ಇಳಿಯುವ ಮೊದಲು ವರ್ಮಾಂಟಿಗೆ ಫೋನು ಮಾಡಿದಳು.

ಪ್ರಿಸಿಲ್ಲಾ ಥೇಯರ್ ಮಿತಮಾತಿನವಳು. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಮುನ್ನೂರಿಪ್ಪತ್ತರಲ್ಲಿ ಆ ಬಟ್ಟೆಯವು ಯಾವುವು?"

"ಅದೇ ಗೊತ್ತಿಲ್ಲ. ಎಲ್ಲ ಬೆರೆತುಹೋಗಿವೆ. ಒಗೆದ ಮೇಲೆ ನೋಡಿದ್ರೆ ಒಂದೇ ಥರ."

"ನೀವಾಗೇ ಹೇಳಿದ್ದು ಒಳ್ಳೇದಾಯ್ತು. ಆದ್ರೆ ನನ್ನ ಗಿರಾಕಿಗೆ ಅರ್ಧಂಬರ್ಧ ಸತ್ಯ ಮಾರೋಕಾಗಲ್ಲ. ಇದು ಇಂಥ ಬಟ್ಟೆ ಅಂತ ಪ್ರತಿ ಕೋಟಿಗೂ ಪುರಾವೆ ಕೊಟ್ರೆ, ಒಳ್ಳೇವನ್ನ ಈಗಲೇ ತಗೋತೀನಿ. ಇಲ್ದಿದ್ರೆ ಒಂದೂ ಬೇಡ. ನಾಳೆ ಸಂಜೆಯೊಳಗೆ ಹೇಳಿ."

ಲಿಡಿ ಫೋನಿಟ್ಟು ಬೆಂಟೊನ ಕಡೆ ತಿರುಗಿದಳು. "ಯಾವ ಕಟ್ಟು ಯಾವ ಥಾನಿಂದು ಅಂತ ಎಲ್ಲಾದ್ರೂ ಬರೆದಿಟ್ಟಿದ್ದೀಯಾ?"

"ಎಲ್ಲ ಇಲ್ಲೇ ಇದೆ" ಎಂದು ಬೆಂಟೊ ಹಣೆ ಮುಟ್ಟಿಕೊಂಡ. ಆಮೇಲೆ ಆ ಹಣೆಯೊಳಗೆ ಹುಡುಕಿ ನೋಡಿರಬೇಕು, ಕೈ ಮೆಲ್ಲಗೆ ಕೆಳಗಿಳಿಯಿತು. "ಕತ್ತರಿಸುವಾಗ ಥಾನಿನ ನಂಬರು ಕಟ್ಟಿನ ಚೀಟಿ ಮೇಲೆ ಬರೀತೀನಲ್ಲ. ಕೆಳತುದೀಲಿ, ಕಟ್ಟಿನ ನಂಬರಿನ ಪಕ್ಕ. ಅದು ಬಿಟ್ರೆ ಎಲ್ಲೂ ಇಲ್ಲ."

"ಆ ಚೀಟಿ ಈಗೆಲ್ಲಿ?"

"ಕಸಕ್ಕೆ ಹೋಗಿರುತ್ತೆ. ನಾವೇ ತಾನೇ ಮುದುರಿ ಎಸ್ದಿದ್ದು" ಎಂದಳು ಜುಲ್ಮೀರಾ. ಹೇಳುತ್ತ ಹೇಳುತ್ತಲೇ ಅವಳ ಬಾಯಿ ತೆರೆದಂತೆ ಉಳಿಯಿತು. ಅವಳ ಕಣ್ಣು ಹೋದ ಕಡೆಗೆ ಎಲ್ಲರ ಕಣ್ಣೂ ಹೋಯಿತು.

ಜೆನೊವೇವಾ ಆಗಲೇ ತನ್ನ ಮಿಷನ್ನಿನ ಹತ್ತಿರ ಹೋಗಿ ನೀಲಿ ಡಬ್ಬವನ್ನು ಎದೆಗವಚಿಕೊಂಡು ಬರುತ್ತಿದ್ದಳು. ಕೊರಳಪಟ್ಟಿ, ಲೇಬಲ್ಲು ಎರಡೂ ಅವಳ ಕೆಲಸ; ಅವಳ ಕೈ ದಾಟದೆ ಒಂದು ಕೋಟೂ ಆ ಮಹಡಿಯಿಂದ ಹೊರಗೆ ಹೋಗುತ್ತಿರಲಿಲ್ಲ. ಕತ್ತರಿಸುವ ಮೇಜಿನ ಮೇಲೆ ಡಬ್ಬ ಇಟ್ಟು ಮುಚ್ಚಳ ತೆಗೆದಳು. "ತಗೊಳ್ಳಿ. ಸಂತ ಪೇದ್ರುಗೆ ಆಮೇಲೆ ತೋರಿಸಿದ್ರಾಯ್ತು."

ಮುಂದಿನ ಗಂಟೆಗಳಲ್ಲಿ ಆ ಮಹಡಿಯಲ್ಲಿ ಒಂದು ಹೊಲಿಗೆಯೂ ಬೀಳಲಿಲ್ಲ. ಜುಲ್ಮೀರಾ ಅಳತೆ ತಪ್ಪದಿರಲೆಂದು ಒಗೆಯುವ ಮೊದಲೇ ಪ್ರತಿ ಕೋಟಿನ ಜೇಬಿನಲ್ಲಿ, ಅಳಿಸದ ಮಸಿಯಲ್ಲಿ ಕಟ್ಟಿನ ನಂಬರು ಬರೆದ ಬಟ್ಟೆತುಂಡಿಗೆ ಪಿನ್ನು ಹಾಕಿಡುತ್ತಿದ್ದಳು. ಅವಳು ಪೆಟ್ಟಿಗೆ ಒಡೆದು, ಜೇಬಿಗೆ ಕೈ ಹಾಕಿ, ನಂಬರು ಕೂಗುವುದು. ಮೇಜಿನ ಸುತ್ತ ಕೂತವರು ಆ ಕಟ್ಟಿನ ಚೀಟಿ ಹುಡುಕಿ ಥಾನಿನ ನಂಬರು ಓದುವುದು. ಥಾನುಗಳಿಗೆ ಬಂದ ಸರದಿಯಲ್ಲೇ ನಂಬರು ಹಾಕಿದ್ದರಿಂದ ಹತ್ತೊಂಬತ್ತರ ತನಕ ಬಂದರೆ ಬಲಗಡೆ, ಇಪ್ಪತ್ತರಿಂದ ಮೇಲಾದರೆ ಎಡಗಡೆ. ಓದಲು ಬಾರದ ಜೆನೊವೇವಾಗೆ ಅಂಕಿ ಮಾತ್ರ ಎಲ್ಲರಿಗಿಂತ ಬೇಗ ಕಾಣುತ್ತಿತ್ತು.

"ನಲವತ್ತೇಳನೇ ಕಟ್ಟು!"

"ಇಪ್ಪತ್ತಮೂರನೇ ಥಾನು. ಎಡಕ್ಕೆ ಹಾಕು."

"ಬೆಂಟೊ, ಇದೇನು ಬರೆದಿದ್ದೀಯಾ? ಆರೋ ಸೊನ್ನೆಯೋ?"

"ಆರು. ಸೊನ್ನೆ ಥಾನು ಅಂತ ಇರುತ್ತೇನೇ?"

"ನೀನು ಬರೆದ್ರೆ ಇದ್ರೂ ಇರುತ್ತೆ."

ಮಧ್ಯೆ ಯಾರೋ ಸಿಹಿ ಬ್ರೆಡ್ಡಿನ ಗುಂಡು ತಂದು ಕತ್ತರಿಸಿ ಹಂಚಿದರು. ಚೀಟಿಗೆ ಬೆಣ್ಣೆ ಹತ್ತಿಸಿದ್ದಕ್ಕೆ ಬೆಂಟೊ ಬೈಸಿಕೊಂಡ. ಕಿಟಕಿಯ ಬಿಸಿಲು ಮೇಜಿನ ಆ ತುದಿ ಮುಟ್ಟುವ ಹೊತ್ತಿಗೆ ಬಲಗಡೆ ಇನ್ನೂರ ಮೂವತ್ತೆರಡು ಕೋಟು, ಎಡಗಡೆ ಎಂಬತ್ತೆಂಟು. ಒಂದಕ್ಕೂ ಚೀಟಿ ತಪ್ಪಿರಲಿಲ್ಲ. ಲಿಡಿ ಚೀಟಿಗಳ ಫೋಟೋ ತೆಗೆದು ವರ್ಮಾಂಟಿಗೆ ಕಳಿಸಿ, ಫೋನು ಕೈಯಲ್ಲಿ ಹಿಡಿದು ಉಗುರು ಕಚ್ಚುತ್ತ ಕೂತಳು.

ಪ್ರಿಸಿಲ್ಲಾ ತಾನಾಗೇ ಫೋನು ಮಾಡಿದಳು. "ಇನ್ನೂರ ಮೂವತ್ತೆರಡಕ್ಕೆ ಶುಕ್ರವಾರ ಲಾರಿ ಬರುತ್ತೆ. ಉಳಿದ ಎಂಬತ್ತೆಂಟು ಫೆಬ್ರವರಿ ಒಳಗೆ, ಗೊತ್ತಿರೋ ಬಟ್ಟೇಲಿ ಹೊಲಿದು ಕೊಡಿ. ಅಂದಹಾಗೆ, ಚೀಟಿ ಇಷ್ಟು ಜೋಪಾನವಾಗಿ ಇಟ್ಟವರು ಯಾರು?"

"ನಮ್ಮ ತೀಯಾ ಜೆನೊವೇವಾ" ಎಂದಳು ಲಿಡಿ.

"ಅವರಿಗೆ ನನ್ನ ನಮಸ್ಕಾರ ಹೇಳಿ."

ಸುದ್ದಿ ಕೇಳಿ ಜುಲ್ಮೀರಾ ಜೆನೊವೇವಾಳ ಎರಡೂ ಕೆನ್ನೆಗೆ ಸದ್ದಾಗುವಂತೆ ಮುತ್ತಿಟ್ಟಳು. ಬೆಂಟೊ ಮೂಗು ಒರೆಸಿಕೊಂಡು, ಹತ್ತಿಯ ಧೂಳು ಎಂದ. ಎಡಗಡೆಯ ಕೋಟುಗಳ ಲೇಬಲ್ಲು ಬಿಚ್ಚಿ, "ಬಟ್ಟೆ ಹೊರದೇಶದ್ದು, ಹೊಲಿಗೆ ಇಲ್ಲಿಯದು" ಎಂದು ಬೇರೆ ಲೇಬಲ್ಲು ಹಾಕಿ, ಸಿಕ್ಕ ಬೆಲೆಗೆ ಗಿರಣಿಯ ಬಾಗಿಲಲ್ಲೇ ಮಾರುವುದೆಂದು ತೀರ್ಮಾನವಾಯಿತು. ನಷ್ಟವೇ. ಆದರೂ ಲಿಡಿಗೆ ಆ ಹೊತ್ತು ಕೈಮುಗಿಯಬೇಕು ಎನ್ನಿಸಿತು. ಯಾರಿಗೆ ಎಂದು ಹುಡುಕಬೇಕಾಗಿಯೂ ಇರಲಿಲ್ಲ. ಎದುರಿಗೇ ಕೂತು ಬೆರಳಿನ ಬೆಣ್ಣೆ ಒರೆಸಿಕೊಳ್ಳುತ್ತಿದ್ದಳು.

"ತೀಯಾ, ಎಷ್ಟು ವರ್ಷ ನಿಮ್ಮನ್ನ ನೋಡಿ ನಕ್ಕಿದ್ದೀನಿ. ಕ್ಷಮಿಸಿ. ಇವತ್ತು ನೀವಿಲ್ದಿದ್ರೆ ನಾನಿಲ್ಲ, ಈ ಕಾರ್ಖಾನೆ ಇಲ್ಲ."

"ಅಯ್ಯೋ ಸಾಕು ಸುಮ್ನಿರು. ಡಬ್ಬ ತುಂಬಿಸಿ ಕೊಡು, ಚೀಟಿ ಹಾರಿ ಹೋಗುತ್ತೆ."

ಲಿಡಿ ಡಬ್ಬವನ್ನು ಹತ್ತಿರ ಎಳೆದುಕೊಂಡಳು. ತಳದಲ್ಲಿ ಒಂದು ಚೂರು ಅಂಟಿಕೊಂಡು ಉಳಿದಿತ್ತು. ಉಳಿದವುಗಳ ಹಾಗೆ ಬಿಳಿಯದಲ್ಲ, ಒಣಗಿದ ಎಲೆಯ ಬಣ್ಣದ್ದು. ಉಗುರಿನಿಂದ ಎಬ್ಬಿಸಿ ತಿರುಗಿಸಿದಳು. ಹಿಂದೆ ಪೆನ್ಸಿಲಿನಲ್ಲಿ ನಲವತ್ತೊಂದು. ನಾಲ್ಕರ ತಲೆ ತೆರೆದಿತ್ತು, ಒಂದಕ್ಕೆ ಕೊಕ್ಕೆಯಂಥ ಮೂಗಿತ್ತು. ಆ ಅಂಕಿಯನ್ನು ಅವಳು ಸಾವಿರ ಸಲ ನಾಲಿಗೆಗೆ ಒತ್ತಿದ್ದಳು.

"ಇದು ಅಮ್ಮಂದು."

"ಹೂಂ. ನಿಮ್ಮಮ್ಮಂದೇ."

"ನಿಮ್ಮ ಹತ್ರ ಯಾಕಿದೆ?"

ಬೇರೆಯವರು ಪೆಟ್ಟಿಗೆ ಕಟ್ಟುವ ಗದ್ದಲದಲ್ಲಿದ್ದರು. ಜೆನೊವೇವಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾನು ನಮ್ಮ ಪೋರ್ಚುಗೀಸ್ ದ್ವೀಪದಿಂದ ಬಂದ ಮೊದಲ ಚಳಿಗಾಲ. ಮಿಷನ್ನಿನ ಮುಂದೆ ಕೈ ಓಡ್ತಿರಲಿಲ್ಲ. ನಿಮ್ಮಮ್ಮನ ಗಿರಣೀಲೇ ಸೇರಿದ್ದೆ, ಅಲ್ಲಿ ಮೂರು ವಾರ ಲೆಕ್ಕ ಕಮ್ಮಿ ಬಿದ್ರೆ ಮನೆಗೆ ಕಳಿಸೋರು. ಎರಡು ವಾರ ಬಿದ್ದಿತ್ತು. ಮೂರನೇ ವಾರ ಕೈ ತೊಳೆಯೋ ನಲ್ಲಿ ಹತ್ರ ಅಳ್ತಾ ನಿಂತಿದ್ದೆ. ನಿಮ್ಮಮ್ಮ ಬಂದು ಕೈ ಹಿಡಿದ್ಲು. ಅವಳು ಹೋದ ಮೇಲೆ ನೋಡಿದ್ರೆ ಮುಷ್ಟೀಲಿ ಚೀಟಿ. ಅವಳು ಹೊಲಿದ ಕಟ್ಟಿಂದು. ನನ್ನ ಹಾಳೆಗೆ ಅಂಟಿಸ್ಕೊಂಡು ಉಳ್ಕೊಂಡೆ. ಚಳಿಗಾಲ ಪೂರ್ತಿ ಕೊಟ್ಲು. ನನಗೊಬ್ಬಳಿಗೇ ಅಂತ ತಿಳ್ಕೊಂಡಿದ್ದೆ. ಆಮೇಲೆ ನೋಡಿದ್ರೆ ಹೊಸದಾಗಿ ಬಂದ ಹುಡುಗೀರಿಗೆಲ್ಲ ಅದೇ ನಲ್ಲಿ, ಅದೇ ಮುಷ್ಟಿ."

"ಮತ್ತೆ ಇದು ಒಂದು ಯಾಕೆ ಉಳೀತು?"

"ಅವಳ ತಪ್ಪು" ಎಂದು ಜೆನೊವೇವಾ ನಕ್ಕಳು. "ನನಗೆ ಕೊಡೋದಕ್ಕೆ ನಂಬರು ಬರೀದೆ ಇಡ್ತಿದ್ಲು. ಇದರ ಮೇಲೆ ಅಭ್ಯಾಸಬಲದಿಂದ ಬರೆದುಬಿಟ್ಟಿದ್ಲು. ನಲವತ್ತೊಂದು ಅಂತ ಇರೋದನ್ನ ನನ್ನ ಹಾಳೆಗೆ ಹೇಗೆ ಅಂಟಿಸ್ಲಿ? ಯಾರಾದ್ರೂ ಕಿತ್ತು ನೋಡಿದ್ರೆ? ಎಸೆಯೋಕೆ ಮನಸ್ಸು ಬರಲಿಲ್ಲ. ಇದನ್ನ ಇಡೋಕೇ ಅಂತ ಈ ಡಬ್ಬ ತಂದಿದ್ದು. ಆಮೇಲೆ ಒಂದು ಚೂರನ್ನೂ ಎಸೆಯೋಕಾಗ್ಲಿಲ್ಲ ನೋಡು."

ಲಿಡಿಯ ಕಣ್ಣ ಮುಂದೆ ಅಡುಗೆಮನೆಯ ಮೇಜು, ಅಲ್ಲಿನ ಹಾಳೆಯ ಖಾಲಿ ಸಾಲುಗಳು ಬಂದು ನಿಂತವು.

"ನಾವೆಲ್ಲ ಅಮ್ಮನ ಕೈ ನಿಧಾನ ಅಂದ್ಕೊಂಡಿದ್ವಿ" ಎಂದಳು. "ಅಪ್ಪ ಆಮೆ ಅಂತಿದ್ರು. ಅಮ್ಮನೂ ಹೂಂ ಅಂತಿದ್ಲು."

"ನಿಧಾನಾನಾ?" ಜೆನೊವೇವಾಗೆ ನಿಜವಾಗಿಯೂ ಸಿಟ್ಟು ಬಂತು. "ಎಮೀಲಿಯಾ ನಿಧಾನಾನಾ? ಆ ಮಹಡೀಲಿ ನೂರಾ ಇಪ್ಪತ್ತು ಮಿಷನ್ನು. ಅವಳ ಕೈ ಮುಂದೆ ಒಬ್ಬರೂ ನಿಲ್ತಿರಲಿಲ್ಲ ಕಣೇ. ಚುರುಕಾಗಿದ್ದಕ್ಕೇ ಕೊಡೋಕಾಗ್ತಿತ್ತು!"

ಲಿಡಿ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅತ್ತಳು. ಜುಲ್ಮೀರಾ ಓಡಿ ಬಂದು ಏನಾಯಿತೆಂದು ಕೇಳಿದಳು. ಜೆನೊವೇವಾ ಕೈಸನ್ನೆ ಮಾಡಿ ಅವಳನ್ನು ವಾಪಸು ಅಟ್ಟಿದಳು. ಸಮಾಧಾನವಾದ ಮೇಲೆ ಲಿಡಿ ಚೀಟಿಯನ್ನು ಡಬ್ಬದ ತಳಕ್ಕೆ ಮೊದಲಿದ್ದ ಹಾಗೆಯೇ ಮಲಗಿಸಿದಳು.

"ಇಟ್ಕೋ ಮಗಳೇ, ಅದು ನಿಂದು."

"ಬೇಡ ತೀಯಾ. ನಿಮಗೆ ಅಂತ ಕೊಟ್ಟಿದ್ದು. ಅಲ್ಲೇ ಇರಲಿ."

"ನಲವತ್ತೈದು ವರ್ಷ ಆಯ್ತು, ಆ ಋಣ ತಲೆ ಮೇಲೇ ಇತ್ತು. ಇವತ್ತು ಒಂಚೂರು ಹಗುರ ಆಯ್ತು ನೋಡು."

"ಹಗುರ ಆಯ್ತು ಅಂತ ನಾಳೆಯಿಂದ ಚೀಟಿ ಕತ್ತರಿಸೋದು ಬಿಟ್ಬಿಡ್ಬೇಡಿ ಮತ್ತೆ."

"ಬಿಡ್ತೀನಾ? ನಿನ್ನಂಥವಳನ್ನ ನಂಬ್ಕೊಂಡು?" ಎಂದು ಜೆನೊವೇವಾ ಡಬ್ಬವನ್ನು ಎತ್ತಿಕೊಂಡು ತನ್ನ ಮಿಷನ್ನಿಗೆ ಹೋದಳು. ಎಡಗಡೆಯ ರಾಶಿಯಿಂದ ಮೊದಲನೇ ಕೋಟು ಎಳೆದುಕೊಂಡು ಲೇಬಲ್ಲು ಬಿಚ್ಚತೊಡಗಿದಳು. ಲಿಡಿಯೂ ಒಂದು ಕತ್ತರಿ ತೆಗೆದುಕೊಂಡು ಅವಳ ಪಕ್ಕದಲ್ಲಿ ಕೂತು ಎರಡನೆಯದನ್ನು ಎಳೆದುಕೊಂಡಳು. ಲಿಡಿಯ ಕೈ ಮಾತ್ರ ನಿಜಕ್ಕೂ ನಿಧಾನವಾಗಿತ್ತು.